ಎರಡು ಡೋಸ್ ಆದ ಮೇಲೆ ಬಂದ ಕೋವಿಡ್ ಮತ್ತು ನಮ್ಮ ತೊಟ್ಟಿ ಮನೆಯ ಗಾಳಿ

ತೊಟ್ಟಿ ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದ ಹಾಗೇ ಎಂದು ಊರಲ್ಲಿ ಹೇಳದವರಿಲ್ಲ. "ಎರಡು ಡೋಸ್ ಆಗಿದೆಯಲ್ಲ ಮಾರಾಯ್ರೇ, ಬಂದರೂ ನೆಗಡಿ ಥರ ಹೋಗ್ತದೆ, ಇಷ್ಟೆಲ್ಲ ಯಾಕೆ?" ಎಂದವರೂ ಇದ್ದರು. 2022ರ ಜನವರಿಯಲ್ಲಿ, ಒಮಿಕ್ರಾನ್ ಹೊತ್ತಿಗೆ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿದ್ದದ್ದು ಒಂಬತ್ತು ಜನ. ಮೂವರಿಗೆ ಬಂತು, ಮೂವರಿಗೂ ಎರಡು ಡೋಸ್ ಆಗಿತ್ತು. ಉಳಿದ ಆರು ಜನಕ್ಕೆ ಬರಲಿಲ್ಲ. ಆ ಆರರಲ್ಲಿ ಎಂಬತ್ತರ ಹತ್ತಿರದ, ಸಕ್ಕರೆ ಕಾಯಿಲೆಯ ಅಜ್ಜಿಯೂ ಸೇರಿದ್ದರು. ಆದದ್ದು ಹೇಗೆಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನ ಲೆಕ್ಕ, ಸ್ವಲ್ಪ ಆಚೀಚೆ ಇರಬಹುದು.

ಲಸಿಕೆ ತನ್ನ ಕೆಲಸ ಮಾಡಿತು. ಮೂವರಲ್ಲಿ ಯಾರ ಆಕ್ಸಿಜನ್ನೂ 95ಕ್ಕಿಂತ ಕೆಳಗೆ ಬರಲಿಲ್ಲ, ಜ್ವರ ಎರಡು ಮೂರು ದಿನಕ್ಕೆ ಬಿಟ್ಟಿತು. ಆದರೆ ಲಸಿಕೆ ಹಾಕಿಸಿಕೊಂಡವರ ಮೂಗು ಬಾಯಿಂದಲೂ ವೈರಸ್ ಹೊರಗೆ ಬರುತ್ತದೆ. ಅಜ್ಜಿಯ ಎರಡನೇ ಕೋವಿಶೀಲ್ಡ್ ಆದದ್ದು 2021ರ ಮೇ ತಿಂಗಳಲ್ಲಿ. ಮುನ್ನೆಚ್ಚರಿಕೆ ಡೋಸ್ (ಅಂದರೆ ಮೂರನೇ ಡೋಸ್) 2022ರ ಜನವರಿ 10ಕ್ಕೆ ಶುರುವಾದರೂ ಎರಡನೇ ಡೋಸ್ ಆಗಿ 39 ವಾರ ಕಳೆದಿರಬೇಕಿತ್ತು, ಅಂದರೆ ಅವರ ಸರದಿ ಫೆಬ್ರವರಿಗೆ. ಸೋಂಕು ಜೋರಾಗಿದ್ದ ವಾರಗಳಲ್ಲೇ ಹಳೆಯ ಡೋಸಿನ ಬಲ ಇಳಿದಿತ್ತು, ಹೊಸದಕ್ಕೆ ದಿನ ಬಂದಿರಲಿಲ್ಲ. ಆ ಸಂದಿಯಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಮನೆಯ ಗಾಳಿ ಒಂದೇ.

ಸೋಂಕು ಬಂದವರನ್ನು ಒಂದು ಕೋಣೆಯಲ್ಲಿಟ್ಟು, ಅಲ್ಲಿಯ ಗಾಳಿ ಉಳಿದ ಮನೆಗೆ ಬಾರದ ಹಾಗೆ ಮಾಡಲು 2021ರ ಬೇಸಿಗೆಯಲ್ಲಿ ಮಾಡಿದ ಮೊದಲ ಪ್ರಯತ್ನ ಪೂರಾ ಕೆಟ್ಟಿತ್ತು. ಬಾಗಿಲಿಗೆ ಒದ್ದೆ ಪಂಚೆ ಇಳಿಬಿಟ್ಟು, ಸೆಕೆ ಎಂದು ಒಳಗೆ ಸ್ಟ್ಯಾಂಡ್ ಫ್ಯಾನ್ ಇಟ್ಟಿದ್ದೆವು. ವಾರದೊಳಗೆ ಐದು ಜನ ಮಲಗಿದರು. ಆಮೇಲೆ ಊದುಬತ್ತಿ ಹಿಡಿದು ನೋಡಿದರೆ ಹೊಗೆ ಬಾಗಿಲ ಸಂದಿಯಿಂದ ನೇರ ಜಗಲಿಗೆ ಬರುತ್ತಿತ್ತು, ಫ್ಯಾನೇ ಅದನ್ನು ಹೊರಗೆ ನೂಕುತ್ತಿತ್ತು. ಇನ್ನೊಂದು ದಾರಿ ತಲೆಯ ಮೇಲಿತ್ತು. ಹಳೆಯ ಮನೆಗಳಲ್ಲಿ ಕೋಣೆಯ ನಡುಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರದ ಮೇಲೆ ಎಲ್ಲ ಕೋಣೆಗೂ ಒಂದೇ ಗಾಳಿ. ಬಾಗಿಲು ಎಷ್ಟು ಮುಚ್ಚಿದರೂ ಮೇಲಿನಿಂದ ದಾಟುತ್ತದೆ.

ಹಾಗಾಗಿ ಎರಡನೇ ಸಲ ಮೊದಲು ಮಾಡಿದ್ದು ಮೇಲ್ಭಾಗ ಮುಚ್ಚುವ ಕೆಲಸ. ಕೋಣೆ ಆರಿಸುವಾಗ ಹಿತ್ತಲ ಕಡೆಗೆ ಸ್ವಂತ ಬಾಗಿಲಿರುವುದು, ಕಿಟಕಿ ತೋಟದ ಕಡೆಗಿರುವುದು, ಪಾಯಿಖಾನೆಗೆ ಮನೆಯೊಳಗಿಂದ ಹಾಯಬೇಕಿಲ್ಲದಿರುವುದು, ಈ ಮೂರನ್ನು ನೋಡಿದೆವು. ನಮ್ಮಲ್ಲಿ ಅದು ಒಣ ಅಡಿಕೆ ಚೀಲ ಇಡುತ್ತಿದ್ದ ಕೋಣೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಗೋಡೆಯ ತಲೆಯಿಂದ ಆಚೆ ಗೋಡೆಯ ತಲೆಗೆ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲ್) ಎಳೆದೆವು. ಮೊದಲು ಪ್ಯಾಕಿಂಗ್ ಟೇಪ್ ಹಾಕಿದ್ದೆವು. ಸುಣ್ಣದ ಗೋಡೆ, ಜನವರಿಯ ಇಬ್ಬನಿ, ಬೆಳಗಾಗುವಷ್ಟರಲ್ಲಿ ಅಷ್ಟೂ ಕಿತ್ತು ನೇತಾಡುತ್ತಿತ್ತು. ಎರಡು ರೋಲ್ ಟೇಪ್ ದಂಡ. ಆಮೇಲೆ ರೀಪಿನ (ಮರದ ಪಟ್ಟಿಯ) ತುಂಡು ಇಟ್ಟು, ಶೀಟನ್ನು ರೀಪಿಗೂ ಗೋಡೆಗೂ ನಡುವೆ ಸಿಕ್ಕಿಸಿ ಅಡಿಗೊಂದು ಮೊಳೆ ಹೊಡೆದ ಮೇಲೆ ನಿಂತಿತು. ಮೂಲೆಗಳಿಗೆ, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಿಕ್ಕಿದ್ದ ಪ್ಲಾಸ್ಟಿಕ್ಕನ್ನೇ ತುರುಕಿದೆವು. ಶೀಟ್ ಸಡಿಲ ಬಿಡಬೇಡಿ, ಫ್ಯಾನ್ ಹಾಕಿದ ಕೂಡಲೇ ಹೊಟ್ಟೆ ಕೆಳಗೆ ಬಿಟ್ಟು ಪಟಪಟ ಹೊಡೆಯುತ್ತದೆ, ಮಲಗಿದವರಿಗೆ ನಿದ್ದೆ ಇಲ್ಲ.

ಇನ್ನು ಕೋಣೆಯ ಗಾಳಿಯನ್ನು ಕಿಟಕಿಯಿಂದ ಹೊರಗೆ ಎಳೆಯುವ ಫ್ಯಾನ್. ಶಿವಮೊಗ್ಗ ಗಾಂಧಿ ಬಜಾರಿನಿಂದ ಮೊದಲು ತಂದದ್ದು 12 ಇಂಚಿನ ಕಬ್ಬಿಣದ ಎಕ್ಸಾಸ್ಟ್. ದೊಡ್ಡದಾದಷ್ಟು ಒಳ್ಳೆಯದು ಎಂಬ ಲೆಕ್ಕ. ಮೊದಲ ರಾತ್ರಿ ಎರಡು ಗಂಟೆಗೆ ಒಳಗಿದ್ದವರು ಆರಿಸಿಬಿಟ್ಟರು. ಜ್ವರದ ನಡುಕ, ಮಲೆನಾಡಿನ ಜನವರಿಯ ಚಳಿ, ಮೇಲಿಂದ ಹಿಟ್ಟಿನ ಗಿರಣಿಯಂಥ ಸದ್ದು, ಯಾರೇ ಆದರೂ ಆರಿಸುತ್ತಾರೆ. ಆರಿಸಿದ ಫ್ಯಾನಿಗಿಂತ ಓಡುವ ಸಣ್ಣ ಫ್ಯಾನ್ ಮೇಲು. 9 ಇಂಚಿನ ಪ್ಲಾಸ್ಟಿಕ್ ರೆಕ್ಕೆಯದು ತಂದೆವು, ಸಾವಿರದ ನಾನೂರೋ ಐನೂರೋ ಕೊಟ್ಟ ನೆನಪು. ಕೋಣೆಯಲ್ಲಿರುವುದು ಸುಮಾರು 30 ಘನ ಮೀಟರ್ ಗಾಳಿ. ಡಬ್ಬಿಯ ಮೇಲೆ ಗಂಟೆಗೆ 500 ಚಿಲ್ಲರೆ ಘನ ಮೀಟರ್ ಎಂದಿತ್ತು. ಸೊಳ್ಳೆ ಜಾಳಿಗೆ, ಮುಚ್ಚುವ ರೆಕ್ಕೆ, ಇವೆಲ್ಲ ಅರ್ಧ ತಿಂದರೂ ಗಂಟೆಗೆ ಎಂಟು ಸಲ ಗಾಳಿ ಬದಲಾಗುತ್ತದೆ. ಆಸ್ಪತ್ರೆಯ ಐಸೊಲೇಷನ್ ಕೋಣೆಗೆ ಇರುವ ಲೆಕ್ಕ 12 ಸಲ. ಅಡಿಕೆ ಕೋಣೆಗೆ ಎಂಟು ಎಂದರೆ ಕಡಿಮೆಯಲ್ಲ ಎಂದು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಕಿಟಕಿಯ ಮರದ ಸರಳು ಬಿಚ್ಚಲಿಲ್ಲ. ಅರ್ಧ ಇಂಚಿನ ಪ್ಲೈವುಡ್ ಹಲಗೆಗೆ ಫ್ಯಾನ್ ಅಳತೆಗೆ ತೂತು ಕೊರೆದು, ಹಲಗೆಯನ್ನು ಚೌಕಟ್ಟಿಗೆ ಆರು ಸ್ಕ್ರೂನಲ್ಲಿ ಕೂರಿಸಿದೆವು. ಸದ್ದು ಅಡಗಿದ್ದು ಹಲಗೆಗೂ ಫ್ಯಾನಿಗೂ ನಡುವೆ ಕೊಟ್ಟ ರಬ್ಬರಿನಿಂದ. ಅದು ಯಾವ ರಬ್ಬರ್, ಎಷ್ಟು ದಪ್ಪ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ತರಹದ್ದು ಕೊಯ್ದು ಹಾಳು ಮಾಡಿದ ಮೇಲೆ ಸಿಕ್ಕಿದ್ದು, ಮನೆಗೆ ಬಂದವರಿಗೆ ತೋರಿಸುತ್ತೇನೆ. ಬೆಳಿಗ್ಗೆ ಎದುರು ಗಾಳಿ ಬೀಸಿದರೆ ಫ್ಯಾನ್ ಉಸಿರು ಕಟ್ಟಿದ ಹಾಗಾಗುತ್ತದೆ, ಹೊರಗಡೆ ಒಂದು ತಗಡು ಬಗ್ಗಿಸಿ ಮರೆ ಕೊಡಬೇಕು. ಅಡಿಕೆ ಸುಲಿಯುವವರು ಕೂರುವ ಚಪ್ಪರದ ಕಡೆಗಂತೂ ಕಿಟಕಿ ತೆರೆಯಲೇ ಬಾರದು.

ಫ್ಯಾನ್ ಹೊರಗೆ ಎಳೆದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಬಾಗಿಲಿಗೆ ಎತ್ತರದ ಹೊಸ್ತಿಲು, ಮುಚ್ಚಿದರೆ ಕೂದಲೆಳೆ ಸಂದಿಯಿಲ್ಲ. ಬಾಗಿಲನ್ನು ಎರಡು ಬೆರಳಷ್ಟು ತೆರೆದು ಮರದ ಚಕ್ಕೆ ಕೊಟ್ಟು ನಿಲ್ಲಿಸಿದೆವು. ಊದುಬತ್ತಿ ಹಚ್ಚಿ ಆ ಸಂದಿಯ ಕೆಳಗೆ, ನಡುವೆ, ಮೇಲೆ ಹಿಡಿಯಬೇಕು. ಮೂರೂ ಕಡೆ ಹೊಗೆಯ ಎಳೆ ಕೋಣೆಯ ಒಳಕ್ಕೆ ಬಾಗಬೇಕು. ಮೇಲೆ ಹಿಡಿದಾಗ ಹೊರಕ್ಕೆ ಬಂದರೆ ಶೀಟಿನಲ್ಲಿ ಎಲ್ಲೋ ಸೀಳಿದೆ ಎಂದು ಹುಡುಕಿ. ಈ ಪರೀಕ್ಷೆಯನ್ನು ದಿನಕ್ಕೆರಡು ಸಲ ಮಾಡುತ್ತಿದ್ದೆವು.

ಮೂರನೇ ದಿನ ಬೆಳಿಗ್ಗೆ ಮನೆ ತುಂಬ ಹೊಗೆ. ಬಚ್ಚಲ ಹಂಡೆ ಒಲೆಗೆ ಬೆಂಕಿ ಹಾಕಿದ್ದರು, ಹೊಗೆ ಮೇಲೆ ಹೋಗುವ ಬದಲು ಮನೆಯೊಳಗೆ ನುಗ್ಗುತ್ತಿತ್ತು. ಕಾರಣ ನಮ್ಮ ಫ್ಯಾನೇ. ಮಳೆಗೆಂದು ತೊಟ್ಟಿಯ ಮೇಲೆ ಫೈಬರ್ ಶೀಟ್ ಹಾಕಿಸಿದ್ದೆವು, ಚಳಿಗೆ ಉಳಿದ ಬಾಗಿಲೆಲ್ಲ ಮುಚ್ಚಿದ್ದವು, ಫ್ಯಾನಿಗೆ ಗಾಳಿ ಬರಲು ಉಳಿದ ದಾರಿ ಬಚ್ಚಲ ಹೊಗೆಗೂಡು ಮಾತ್ರ. ಇದು ಬರೀ ಕಣ್ಣುರಿಯ ವಿಷಯವಲ್ಲ. ಸೌದೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಮುಚ್ಚಿದ ಮನೆಯಲ್ಲಿ ಅದು ಪ್ರಾಣ ತೆಗೆಯುವಂಥದ್ದು. ಅದರ ಮೇಲೆ, ಆ ವಿಷ ರಕ್ತಕ್ಕೆ ಸೇರಿದಾಗಲೂ ಬೆರಳಿನ ಆಕ್ಸಿಮೀಟರ್ ಎಲ್ಲ ಸರಿಯಿದೆ ಎನ್ನುವಂಥ ಅಂಕಿಯನ್ನೇ ತೋರಿಸುತ್ತದೆ, ಮೋಸ ಹೋಗುತ್ತೀರಿ. ತೊಟ್ಟಿಯ ಎರಡು ಶೀಟ್ ತೆಗೆಸಿದೆವು, ಬಚ್ಚಲಿನಿಂದ ಮನೆಗಿರುವ ಬಾಗಿಲು ಒಲೆ ಉರಿಯುವಷ್ಟು ಹೊತ್ತು ಮುಚ್ಚಿ, ಬಚ್ಚಲ ಹೊರಬಾಗಿಲು ತೆಗೆದಿಟ್ಟೆವು. ಮತ್ತೆ ಹೊಗೆ ಬರಲಿಲ್ಲ. ಅಡಿಕೆ ಬೇಯಿಸುವ ಒಲೆ ಮನೆಗೆ ತಾಗಿಕೊಂಡಿದ್ದರೆ ಅದನ್ನೂ ಹೀಗೇ ನೋಡಿಕೊಳ್ಳಬೇಕು.

ಇದರ ನಡುವೆ ಐದು ಸಾವಿರ ಚಿಲ್ಲರೆ ಕೊಟ್ಟು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದನ್ನು ತರಿಸಿದೆ. ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ನಿಂತಿದೆ ಎಂದು ಅದರಿಂದ ತಿಳಿಯುತ್ತದೆ. ಬಯಲಿನಲ್ಲಿ 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಆಸುಪಾಸು. ಫ್ಯಾನ್ ಆರಿಸಿ ಮೂವರು ಮಲಗಿದ ಕೋಣೆಯಲ್ಲಿ ಬೆಳಗಿನ ಜಾವ 1,500 ದಾಟುತ್ತಿತ್ತು, ಫ್ಯಾನ್ ಹಾಕಿದರೆ 600ರ ಸುತ್ತ ನಿಲ್ಲುತ್ತಿತ್ತು. ಒಲೆ ಹೊಗೆ ಸುಳಿದರೆ ಅದೂ ಲೆಕ್ಕಕ್ಕೆ ಸೇರಿ ಅಂಕಿ ಕೆಡುತ್ತದೆ. ಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಊದುಬತ್ತಿಯೇ ಸಾಕು. ಗಾಳಿ ಸೋಸಲೆಂದು ಕಾರಿನ ಏಸಿ ಫಿಲ್ಟರ್ ನಾಲ್ಕು ಸೇರಿಸಿ ಟೇಬಲ್ ಫ್ಯಾನಿಗೆ ಕಟ್ಟಿಯೂ ನೋಡಿದೆ. ಗಾಳಿ ಮುಂದಕ್ಕೇ ಬರಲಿಲ್ಲ, ಮೋಟರ್ ಬಿಸಿಯಾಯಿತು, ಕೈಬಿಟ್ಟೆ.

ಮಂಚ ಹಾಕುವಾಗ ತಲೆ ಫ್ಯಾನಿನ ಕಡೆಗಿರಲಿ. ಊಟ ಕೊಡುವವರು ಬಾಗಿಲ ಕಡೆ ನಿಂತರೆ ಶುದ್ಧ ಗಾಳಿ ಅವರ ಬೆನ್ನ ಹಿಂದಿನಿಂದ ಬಂದು ರೋಗಿಯ ಕಡೆ ಹೋಗುತ್ತದೆ. ಎರಡೂ ಕಡೆ ಎನ್95 ಮಾಸ್ಕ್, ಒಳಗೆ ನಿಲ್ಲುವುದು ಐದು ನಿಮಿಷ. ಚಳಿಗೆ ಎರಡು ಕಂಬಳಿ, ಬಿಸಿನೀರಿನ ಚೀಲ, ಕಿವಿಗೆ ಮಫ್ಲರ್, ಫ್ಯಾನ್ ಮಾತ್ರ ಆರಿಸುವಂತಿಲ್ಲ. ಕರೆಂಟ್ ಹೋದಾಗ 150 ಎಎಚ್ ಬ್ಯಾಟರಿಯ ಇನ್ವರ್ಟರಿಗೆ ಈ ಫ್ಯಾನ್ ಮತ್ತು ಒಂದು ಎಲ್‌ಇಡಿ ಬಲ್ಬ್ ಮಾತ್ರ ಬಿಟ್ಟರೆ ರಾತ್ರಿಯಿಡೀ ಎಳೆಯುತ್ತದೆ, ಫ್ಯಾನ್ ತಿನ್ನುವುದು ನಲವತ್ತೈವತ್ತು ವಾಟ್. ಟಿವಿ ಹಾಕಿದರೆ ಲೆಕ್ಕ ತಪ್ಪಿತು. ಕೋಣೆ ಖಾಲಿಯಾದ ಮೇಲೂ ಗುಡಿಸಲು ಮುಕ್ಕಾಲು ಗಂಟೆ ಬಿಟ್ಟೇ ಹೋಗಬೇಕು.

ಪರೀಕ್ಷೆಯ ವಿಷಯದಲ್ಲಿ ಒಂದೇ ಮಾತು: ಗಂಟಲು ಕೆರೆದ ಸಂಜೆಯೇ ಕೋಣೆಗೆ ಹೋಗಿ, ಕಿಟ್ ಏನು ಹೇಳುತ್ತದೆ ಎಂದು ಕಾಯಬೇಡಿ. ಮೂವರಲ್ಲಿ ಇಬ್ಬರಿಗೆ ಮೊದಲ ದಿನ ನೆಗೆಟಿವ್ ಬಂದು, ಮೂರನೇ ದಿನ ಪಾಸಿಟಿವ್ ಆಯಿತು. ಮನೆಯಲ್ಲೇ ಮಾಡುವ ಕಿಟ್ ಆಗ 250 ರೂಪಾಯಿ ಇತ್ತು. ಎರಡೂ ಮೂಗಿಗೆ ಕಡ್ಡಿ ಹಾಕಿ ಐದೈದು ಸುತ್ತು, ಎರಡು ಹನಿ, ಹದಿನೈದು ನಿಮಿಷ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಂಡ ಗೆರೆಗೆ ಬೆಲೆಯಿಲ್ಲ. ಲಸಿಕೆ ಹಾಕಿಸಿಕೊಂಡಿದ್ದಕ್ಕೇ ಪಾಸಿಟಿವ್ ಬರುತ್ತದೆ ಎಂಬುದು ಸುಳ್ಳು, ಈ ಕಿಟ್ ನೋಡುವುದು ವೈರಸ್ಸಿನ ಪ್ರೋಟೀನನ್ನು. ರಕ್ತದ ಆಂಟಿಬಾಡಿ ಪರೀಕ್ಷೆಗೆ ಮಾತ್ರ ದುಡ್ಡು ಹಾಕಬೇಡಿ. ಅದು ಲಸಿಕೆಯಿಂದಲೂ ಪಾಸಿಟಿವ್ ಬರಬಹುದು, ಈಗಿನ ಜ್ವರ ಯಾವುದೆಂದು ಅದರಿಂದ ತಿಳಿಯುವುದಿಲ್ಲ.

ಜನವರಿಯ ಜ್ವರ ಎಂದರೆ ನಮ್ಮ ಕಡೆ ಕೋವಿಡ್ ಒಂದೇ ಅಲ್ಲ ಎನ್ನುವುದನ್ನೂ ಮರೆಯಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೂ ಇದೇ ಕಾಲ. ಕಾಡಿಗೆ ಸೊಪ್ಪು ದರಗಿಗೆ (ಒಣಗಿದ ಎಲೆಗೆ) ಹೋಗಿಬಂದವರಿಗೆ ತಲೆ ಸಿಡಿಯುವ ನೋವು, ಮೈಕೈ ನೋವು, ಕೆಂಪಾದ ಕಣ್ಣು ಇದ್ದು ಕೋವಿಡ್ ನೆಗೆಟಿವ್ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಬೇಕು.

ಆಕ್ಸಿಮೀಟರ್ ನಮಗೆ ಒಂದು ಸಂಜೆ 88 ತೋರಿಸಿ ಎದೆ ಝಲ್ಲೆನಿಸಿತು. ಅಡಿಕೆ ಸುಲಿಯುತ್ತಿದ್ದ ಕೈ, ಹೆಬ್ಬೆರಳು ತೋರುಬೆರಳಿಗೆ ಚೊಗರು ಹಿಡಿದು ಉಗುರಿನ ತನಕ ಕಪ್ಪು, ಸಾಲದ್ದಕ್ಕೆ ತಣ್ಣಗಿತ್ತು. ಬಿಸಿನೀರಿನ ಚೀಲದ ಮೇಲೆ ಐದು ನಿಮಿಷ ಕೈಯಿಟ್ಟು, ಎಡಗೈಯ ಕಲೆಯಿಲ್ಲದ ಉಂಗುರದ ಬೆರಳಿಗೆ ಹಾಕಿದರೆ 97. ಆಮೇಲಿಂದ ಅದೇ ಬೆರಳು, ಕೂತ ಭಂಗಿ, ನಾಡಿಯ ಅಂಕಿ ಸ್ಥಿರವಾದ ಮೇಲೆ ಒಂದು ನಿಮಿಷ ಬಿಟ್ಟು ಬರೆಯುವುದು, ದಿನಕ್ಕೆ ನಾಲ್ಕು ಸಲ. ಬೆರಳು ಬದಲಿಸುವ ನೆಪದಲ್ಲಿ ನಿಜವಾದ ಕುಸಿತವನ್ನು ತಳ್ಳಿಹಾಕಬೇಡಿ. ಒಂದು ಗಂಟೆಯೊಳಗೆ ಮೂರು ಸಲ 93 ಅಥವಾ ಕಡಿಮೆ ಬಂದರೆ, ಉಸಿರು ನಿಮಿಷಕ್ಕೆ 24 ದಾಟಿದರೆ, ನೂರು ಡಿಗ್ರಿ ಮೇಲಿನ ಜ್ವರ ಮೂರು ದಿನ ಮೀರಿದರೆ, ಎದೆ ನೋವು ಬಿಡದಿದ್ದರೆ, ಮಾತು ತಡವರಿಸಿದರೆ ಗಾಡಿ ಹತ್ತಿಸಿ. ಕೂತಾಗ ಸರಿಯಿದ್ದವರಿಗೆ ಆರು ನಿಮಿಷ ನಡೆಸಿ ನೋಡುತ್ತಿದ್ದೆವು. ನಾಲ್ಕು ಅಂಕಿ ಇಳಿದರೆ ಡಾಕ್ಟರಿಗೆ ಫೋನ್ ಎಂದು ಗೋಡೆಗೆ ಬರೆದು ಅಂಟಿಸಿದ್ದೆವು.

ಔಷಧಿ ಎಂದರೆ ಡಾಕ್ಟರ್ ಹೇಳಿದ ಪ್ಯಾರಾಸಿಟಮಾಲ್ 650, ನೀರು, ಗಂಜಿ. ಸ್ಟೀರಾಯ್ಡ್ ಮಾತ್ರೆ ಸ್ವಂತ ಬುದ್ಧಿಯಿಂದ ಯಾರೂ ನುಂಗಬಾರದು, ಅದರಲ್ಲೂ ಸಕ್ಕರೆ ಇರುವವರು. ಕಾಳುಮೆಣಸು ಜೀರಿಗೆ ಕಷಾಯ ಗಂಟಲಿಗೆ ಹಿತ, ಆದರೆ ದಿನಕ್ಕೆ ಐದು ಲೋಟ ಕುಡಿಸಿ ಒಬ್ಬರಿಗೆ ಎದೆಯುರಿ ಬಂದು, ಅದು ಎದೆನೋವೇ ಇರಬೇಕೆಂದು ರಾತ್ರಿಯಿಡೀ ಗಾಬರಿ. ಎರಡು ಲೋಟಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಖರ್ಚು: ಸಣ್ಣ ಫ್ಯಾನ್, ಪ್ಲೈವುಡ್, ಸ್ಕ್ರೂ, ರೀಪು ಸೇರಿ ಎರಡೂವರೆ ಸಾವಿರ. ಹದಿನಾಲ್ಕು ಕಿಟ್, ಮೂರೂವರೆ ಸಾವಿರ. ಮಾಸ್ಕಿಗೆ ಒಂದೂವರೆ ಸಾವಿರ. ಸಿಲ್ಪಾಲಿನ್ ಮನೆಯಲ್ಲೇ ಇತ್ತು. ದಂಡವಾದ ದೊಡ್ಡ ಫ್ಯಾನ್, ಮೀಟರ್, ಫಿಲ್ಟರ್ ಲೆಕ್ಕ ಹಾಕಿದರೆ ಇನ್ನೊಂದು ಎಂಟೊಂಬತ್ತು ಸಾವಿರ, ಅದು ನೀವು ಉಳಿಸಬಹುದಾದ ದುಡ್ಡು.

ಆ ತಿಂಗಳು ಇನ್ನೆರಡು ಮನೆಗೆ ಇಂಥದೇ ಹಲಗೆ ಕೂರಿಸಿಕೊಟ್ಟೆವು. ಒಂದರಲ್ಲಿ ಬಂದ ಒಬ್ಬರಿಗೇ ನಿಂತಿತು. ಇನ್ನೊಂದರಲ್ಲಿ ನಾಲ್ವರಿಗೆ ಹಬ್ಬಿತು. ಅಲ್ಲಿ ಗಂಟಲು ನೋವು ಶುರುವಾದ ಮೇಲೂ ಎರಡು ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರು, ಹಲಗೆ ಹೋದದ್ದು ಮೂರನೇ ದಿನ. ನಮ್ಮ ಮನೆಯಲ್ಲಿ ಮೂವರೂ ಸಂಜೆ ಗಂಟಲು ಕೆರೆದರೆ ಅದೇ ರಾತ್ರಿ ಕೋಣೆ ಸೇರಿದ್ದರು.

ಈಗ ಫ್ಯಾನ್ ಅಡಿಕೆ ಬೇಯಿಸುವ ಕೊಟ್ಟಿಗೆಯಲ್ಲಿ ಹಬೆ ಎಳೆಯುತ್ತಿದೆ. ಪ್ಲೈವುಡ್ ಹಲಗೆ, ಆ ಆರು ಸ್ಕ್ರೂ, ಅಳತೆಗೆ ಕೊಯ್ದ ರೀಪುಗಳನ್ನು ಒಟ್ಟಿಗೆ ಕಟ್ಟಿ ಅಟ್ಟದಲ್ಲಿಟ್ಟಿದ್ದೇವೆ. ಬೇಕಾದರೆ ಅರ್ಧ ಗಂಟೆಯಲ್ಲಿ ಮತ್ತೆ ಕಿಟಕಿಗೆ ಕೂರುತ್ತದೆ.