ಬೆಟ್ಟದ ನೆತ್ತಿಯಲ್ಲಿ ರೋಲರ್ ಕೋಸ್ಟರ್: ಗ್ಲೆನ್‌ವುಡ್‌ಗೆ ಹೋಗುವುದು ಹೇಗೆ, ಯಾವುದನ್ನು ಯಾವಾಗ ಹತ್ತುವುದು

ಮಗನೋ ಮಗಳೋ ಡೆನ್ವರಿನಲ್ಲಿದ್ದಾರೆ, ಬೇಸಿಗೆಗೆಂದು ನೀವು ಹೋಗಿ ಇಳಿದಿದ್ದೀರಿ. ಮೊದಲ ಎರಡು ವಾರ ದೇವಸ್ಥಾನ, ಮಾಲು, ಅವರ ಸ್ನೇಹಿತರ ಮನೆಯ ಊಟ ಎಂದು ಕಳೆಯುತ್ತದೆ. ಆಮೇಲೆ ಮೊಮ್ಮಕ್ಕಳ ಹಟ ಶುರುವಾಗುತ್ತದೆ: ಗ್ಲೆನ್‌ವುಡ್‌ಗೆ ಹೋಗೋಣ, ಅಜ್ಜ-ಅಜ್ಜಿಯೂ ಬರಲಿ. ಹೋಗಿ. ಆದರೆ ಸ್ವಲ್ಪ ತಿಳಿದುಕೊಂಡು ಹೋಗಿ.

ಗ್ಲೆನ್‌ವುಡ್ ಕ್ಯಾವರ್ನ್ಸ್ ಅಡ್ವೆಂಚರ್ ಪಾರ್ಕ್ ಇರುವುದು ಕೊಲೊರಾಡೊ ರಾಜ್ಯದ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ನೆತ್ತಿಯ ಮೇಲೆ, ಐರನ್ ಮೌಂಟನ್ ಎಂಬ ಬೆಟ್ಟದ ತುದಿಯಲ್ಲಿ. ಎತ್ತರ ಸುಮಾರು 7,100 ಅಡಿ, ಅಂದರೆ 2,160 ಮೀಟರ್. ಕರ್ನಾಟಕದಲ್ಲಿ ಅಷ್ಟು ಎತ್ತರದ ಜಾಗವೇ ಇಲ್ಲ. ನಮ್ಮ ಮುಳ್ಳಯ್ಯನಗಿರಿಗಿಂತ ಅದು ಇನ್ನೂರು ಮೀಟರಿಗೂ ಹೆಚ್ಚು ಮೇಲಿದೆ. ಅಲ್ಲಿ ಗುಹೆಗಳಿವೆ, ಕಂದರದ ಅಂಚಿನಲ್ಲಿ ತೂಗುವ ಉಯ್ಯಾಲೆಯಿದೆ, ರೋಲರ್ ಕೋಸ್ಟರುಗಳಿವೆ. ಬಯಲಿನ ಪಾರ್ಕಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದೇ. ಇಲ್ಲಿ ಕೊನೆಯ ಮಾತು ಮೋಡದ್ದು. ಹಾಗಾಗಿ ಯಾವ ಆಟವನ್ನು ಯಾವ ಹೊತ್ತಿಗೆ ಹತ್ತುತ್ತೀರಿ ಎಂಬುದರ ಮೇಲೆ ಇಡೀ ದಿನ ನಿಂತಿರುತ್ತದೆ.

ದಿನ ಗೊತ್ತುಮಾಡುವುದು

ಮುಂಗಾರು ನಮಗೆ ಮಾತ್ರ ಅಂದುಕೊಂಡಿದ್ದರೆ, ಅಲ್ಲ. ಅಮೆರಿಕದ ನೈರುತ್ಯ ಭಾಗಕ್ಕೂ ಜುಲೈ, ಆಗಸ್ಟ್‌ನಲ್ಲಿ ಒಂದು ಮಾನ್ಸೂನ್ ಬರುತ್ತದೆ. ಜಡಿಮಳೆಯೇನಲ್ಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ನಿರ್ಮಲವಾಗಿರುತ್ತದೆ, ಹನ್ನೆರಡಾಗುತ್ತಲೇ ರಾಕಿ ಪರ್ವತಗಳ ಮೇಲೆ ಬಿಳಿ ಮೋಡ ಒಟ್ಟುತ್ತದೆ, ಎರಡು-ಮೂರು ಗಂಟೆಗೆ ಗುಡುಗು ಸಿಡಿಲು. ಅರ್ಧ ಗಂಟೆ ಆರ್ಭಟಿಸಿ ಹೋಗಿಬಿಡುವುದೂ ಉಂಟು. ಆದರೆ ಸಿಡಿಲು ಹತ್ತಿರ ಸುಳಿದರೆ ಬೆಟ್ಟದ ತುದಿಯಲ್ಲಿರುವ ಕಬ್ಬಿಣದ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ, ಊರಿನಿಂದ ಪಾರ್ಕಿಗೆ ಕರೆದೊಯ್ಯುವ ಕೇಬಲ್ ಕಾರನ್ನೂ ನಿಲ್ಲಿಸುತ್ತಾರೆ. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ.

ಹಾಗಾಗಿ ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಸೆಪ್ಟೆಂಬರ್ ಕೊನೆಗೆ ಹೋದರೆ ದಾರಿಯುದ್ದಕ್ಕೂ ಆಸ್ಪೆನ್ ಮರಗಳು ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ. ಪಾರ್ಕಿಗಿಂತ ಅದೇ ಚೆಂದ ಎನ್ನುವವರೂ ಇದ್ದಾರೆ. ಮಕ್ಕಳ ರಜೆಯ ಲೆಕ್ಕದಲ್ಲಿ ಜುಲೈನಲ್ಲೇ ಹೋಗಬೇಕೆಂದರೆ ಶನಿವಾರ ಬಿಡಿ, ವಾರದ ನಡುವಿನ ದಿನ ಹಿಡಿಯಿರಿ.

ದಾರಿ

ಡೆನ್ವರಿನಿಂದ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 160 ಮೈಲಿ, ಅಂದರೆ 250 ಕಿ.ಮೀ. ಟ್ರಾಫಿಕ್ ಇಲ್ಲದಿದ್ದರೆ ಮೂರು ಗಂಟೆ. ಅಂದಿನ ಪ್ರಯಾಣದಲ್ಲಿ ಅತಿ ಎತ್ತರದ ಜಾಗ ಪಾರ್ಕ್ ಅಲ್ಲ, ಅದಕ್ಕೆ ಹೋಗುವ ದಾರಿ. ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅದನ್ನು ದಾಟಿ ಇಳಿದರೆ ಮತ್ತೆ ವೇಲ್ ಪಾಸ್ ಏರಬೇಕು. ಕಿವಿ ಗುಂಯ್ ಎನ್ನುತ್ತದೆ, ಕೆಲವರಿಗೆ ತಲೆ ಭಾರವಾಗುತ್ತದೆ. ಬೆಂಗಳೂರಿನಿಂದ ಬಂದಿಳಿದ ವಾರದಲ್ಲೇ ಈ ಪ್ರವಾಸ ಇಟ್ಟುಕೊಳ್ಳಬೇಡಿ. ಡೆನ್ವರ್ ಕೂಡ ಒಂದು ಮೈಲಿ ಎತ್ತರದಲ್ಲಿರುವ ಊರು. ಅಲ್ಲಿ ಕೆಲವು ದಿನ ಇದ್ದು, ಮೈ ಆ ಗಾಳಿಗೆ ಹೊಂದಿಕೊಂಡ ಮೇಲೆ ಹೊರಡಿ.

ಕೊನೆಯ ಭಾಗ ಗ್ಲೆನ್‌ವುಡ್ ಕ್ಯಾನ್ಯನ್. ಒಂದು ಪಕ್ಕ ಕೊಲೊರಾಡೊ ನದಿ, ಎರಡೂ ಕಡೆ ಗೋಡೆಯಂಥ ಬಂಡೆ. ಈ ಕಂದರದ ಹೆದ್ದಾರಿ 1992ರಲ್ಲಿ ಪೂರ್ಣಗೊಂಡಿತು. ಎಷ್ಟೋ ಕಡೆ ರಸ್ತೆ ನೆಲದ ಮೇಲಿಲ್ಲ, ಕಂಬಗಳ ಮೇಲೆ ನಿಂತಿದೆ. 2020ರ ಕಾಡ್ಗಿಚ್ಚಿನಲ್ಲಿ ಮೇಲಿನ ಇಳಿಜಾರು ಸುಟ್ಟು ಬೋಳಾಗಿ, 2021ರ ಮಳೆಗಾಲದಲ್ಲಿ ಕೆಸರು, ಬಂಡೆ ಹರಿದುಬಂದು ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಶಿರಾಡಿ ಘಾಟಿಯ ಕಥೆ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹೊರಡುವ ಬೆಳಿಗ್ಗೆ ರಾಜ್ಯದ ರಸ್ತೆ ಮಾಹಿತಿ ತಾಣ ಸಿಒಟ್ರಿಪ್ ನೋಡಲು ಮಗನಿಗೆ ಹೇಳಿ.

ಕಾರು ಬೇಡವೆಂದರೆ ರೈಲಿದೆ. ಆಮ್‌ಟ್ರಾಕ್‌ನ ಕ್ಯಾಲಿಫೋರ್ನಿಯಾ ಜೆಫಿರ್ ಡೆನ್ವರಿನಿಂದ ಹೊರಟು ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ ನಿಲ್ಲುತ್ತದೆ. ಕಾರಿಗಿಂತ ಬಹಳ ನಿಧಾನ, ದಿನದ ಹೆಚ್ಚಿನ ಭಾಗ ಅದಕ್ಕೇ ಹೋಗುತ್ತದೆ. ರಾತ್ರಿ ಅಲ್ಲೇ ತಂಗಿ ಮರುದಿನ ಪಾರ್ಕಿಗೆ ಹೋಗುವವರಿಗೆ ಸರಿ.

ಏನು ಉಡಬೇಕು, ಏನು ತಿನ್ನಬೇಕು

ಸೀರೆ ಬೇಡ, ದುಪಟ್ಟಾ ಬೇಡ, ಪಂಚೆಯಂತೂ ಬೇಡವೇ ಬೇಡ. ಗಾಲಿ, ಹಳಿ, ಸರಪಳಿ ಇರುವ ಕಡೆ ಜೋತಾಡುವ ಬಟ್ಟೆ ಅಪಾಯ. ಅಮ್ಮಂದಿರು ಸೀರೆ ಬಿಡುವುದಿಲ್ಲ ಎಂದು ಹಟ ಹಿಡಿದರೆ ಕೇಬಲ್ ಕಾರು, ಗುಹೆ ಇಷ್ಟಕ್ಕೇ ಸಮಾಧಾನಪಡಬೇಕು, ಅದೇನೂ ಕಡಿಮೆಯಲ್ಲ. ಕಾಲಿಗೆ ಚಪ್ಪಲಿ ಬಿಟ್ಟು ಲೇಸ್ ಕಟ್ಟುವ ಶೂ. ಕನ್ನಡಕಕ್ಕೆ ಹಿಂದೆ ದಾರ. ಉದ್ದ ಸರ, ಮಾಂಗಲ್ಯ ಅಂಗಿಯೊಳಗೆ. ಮೊಬೈಲ್ ಜಿಪ್ ಇರುವ ಜೇಬಿನಲ್ಲಿ. ಅಲ್ಲಿ ಕೈಯಿಂದ ಜಾರಿದ್ದು ಕಂದರದ ಪಾಲು.

ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್. ಅಷ್ಟು ಎತ್ತರದಲ್ಲಿ ಸೆಖೆ ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಸುಡುತ್ತದೆ. ಜೊತೆಗೊಂದು ಸ್ವೆಟರ್ ಇರಲಿ, ಗುಹೆಯೊಳಗೆ ಬೇಕಾಗುತ್ತದೆ. ನೀರು ಬಾಯಾರುವ ಮುಂಚೆಯೇ ಕುಡಿಯುತ್ತಿರಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ನಾಲ್ಕು ಮೆಟ್ಟಿಲಿಗೆ ಏದುಸಿರು ಬಂದರೆ ಹೆದರಬೇಕಾಗಿಲ್ಲ, ನಿಂತು ಹೋಗಿ.

ಸಸ್ಯಾಹಾರಿಗಳಿಗೆ ಮೇಲೆ ಸಿಗುವುದು ಅಮೆರಿಕದ ಎಲ್ಲ ಪಾರ್ಕುಗಳಲ್ಲಿ ಸಿಗುವಂಥದ್ದೇ: ಪಿಜ್ಜಾ, ಫ್ರೈಸ್. ಬೆಳಿಗ್ಗೆ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಕೆಳಗೆ ಕಾರು ನಿಲ್ಲಿಸಿದ ಕಡೆ ಹಿತಮಿತವಾಗಿ ತಿಂದು ಹತ್ತಿ. ಹೊಟ್ಟೆ ಬಿರಿಯೆ ತಿಂದು ರೋಲರ್ ಕೋಸ್ಟರ್ ಹತ್ತಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಪೂರ್ತಿ ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು.

ಟಿಕೆಟ್, ಕೇಬಲ್ ಕಾರು

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಮನೆಮಂದಿಗೆಲ್ಲ ಒಂದೇ ಬಗೆಯದ್ದು ಬೇಡ. ಹತ್ತುವವರಿಗೆ ಇಡೀ ದಿನದ ಆಟದ ಪಾಸ್, ನೋಡಿಕೊಂಡು ಕೂರುವವರಿಗೆ ಕೇಬಲ್ ಕಾರು ಮತ್ತು ಗುಹೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬೆನ್ನು ಅಥವಾ ಕುತ್ತಿಗೆಯ ತೊಂದರೆ ಇರುವವರು, ಗರ್ಭಿಣಿಯರು ಈ ವಿಚಾರದಲ್ಲಿ ಮುಲಾಜಿಗೆ ಬೀಳಬಾರದು. ಮಕ್ಕಳ ಎತ್ತರವನ್ನು ಪ್ರತಿ ಆಟದ ಬಾಗಿಲಲ್ಲೂ ಅಳೆಯುತ್ತಾರೆ. ಪಾರ್ಕಿನ ತಾಣದಲ್ಲಿರುವ ಎತ್ತರದ ಪಟ್ಟಿಯನ್ನು ಮನೆಯಲ್ಲೇ ನೋಡಿ ಮಗುವಿಗೆ ಹೇಳಿಬಿಟ್ಟರೆ ಅಲ್ಲಿ ಅಳು ತಪ್ಪುತ್ತದೆ.

ಬಾಗಿಲು ತೆರೆಯುವ ಮುಂಚೆಯೇ ಕೆಳಗಿನ ನಿಲ್ದಾಣದಲ್ಲಿರಿ. ಊರಿನಿಂದ ಪಾರ್ಕಿಗೆ ಗೊಂಡೊಲಾದಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ಹೋಗುತ್ತೀರಿ. ಸಾವಿರದ ಮುನ್ನೂರು ಅಡಿಗೂ ಹೆಚ್ಚಿನ ಏರು. ಡಬ್ಬಿ ಪೂರ್ತಿ ನಿಲ್ಲುವುದಿಲ್ಲ, ನಿಧಾನಕ್ಕೆ ಚಲಿಸುತ್ತಿರುವಾಗಲೇ ಕಾಲಿಡಬೇಕು. ವಯಸ್ಸಾದವರು ಸಿಬ್ಬಂದಿಗೆ ಹೇಳಿದರೆ ಸಹಾಯ ಮಾಡುತ್ತಾರೆ, ಸಂಕೋಚ ಬೇಡ. ಎತ್ತರಕ್ಕೆ ತಲೆಸುತ್ತುವವರು ಬೆಟ್ಟದ ಕಡೆ ಮುಖ ಮಾಡಿ ಕೂತುಬಿಡಿ.

ಮೊದಲು ನಿಮ್ಮ ಕೈಯಲ್ಲಿ ಬ್ರೇಕ್ ಇರುವುದು

ಮೇಲೆ ಇಳಿದ ಕೂಡಲೇ ಮಕ್ಕಳು ದೊಡ್ಡ ಕೋಸ್ಟರಿನ ಕಡೆ ಓಡುತ್ತಾರೆ. ತಡೆಯಿರಿ. ಮೊದಲು ಹೋಗಬೇಕಾದ್ದು ಆಲ್ಪೈನ್ ಕೋಸ್ಟರಿಗೆ. ಇದು 2005ರಿಂದ ಇದೆ. ಹಳಿಯ ಉದ್ದ 3,400 ಅಡಿ, ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಮೊದಲು ಹೋಗಲು ಎರಡು ಕಾರಣ. ಬೇಗ ಕ್ಯೂ ಬೆಳೆಯುವ ಆಟ ಇದು. ಹಳಿ ಒದ್ದೆಯಾದರೆ ಬ್ರೇಕ್ ಹಿಡಿತ ತಪ್ಪುವುದರಿಂದ, ಮಳೆ ಬಂದರೆ ಮೊದಲು ನಿಲ್ಲುವ ಆಟವೂ ಇದೇ.

ಇದರಲ್ಲಿ ಸಾಲುಬಂಡಿ ಇಲ್ಲ. ಒಬ್ಬರು ಅಥವಾ ಇಬ್ಬರು ಕೂರುವ ಪುಟ್ಟ ಗಾಡಿ. ಮಗು ಮುಂದೆ, ದೊಡ್ಡವರು ಹಿಂದೆ. ನಿಮ್ಮ ಎರಡು ತೊಡೆಗಳ ಪಕ್ಕ ಎರಡು ಲಿವರ್ ಇರುತ್ತವೆ: ಮುಂದಕ್ಕೆ ತಳ್ಳಿದರೆ ಓಟ, ಹಿಂದಕ್ಕೆ ಎಳೆದರೆ ಬ್ರೇಕ್. ಬೇರೆ ಕೋಸ್ಟರುಗಳ ಹಾಗೆ ಮೊದಲು ಏರಿ ಆಮೇಲೆ ಇಳಿಯುವುದಲ್ಲ. ಮೊದಲು ಮರಗಳ ನಡುವೆ ಬೆಟ್ಟದ ಕೆಳಕ್ಕೆ ಇಳಿಯುತ್ತೀರಿ, ಕೊನೆಗೆ ಯಂತ್ರ ಗಾಡಿಯನ್ನು ಮೇಲಕ್ಕೆ ಎಳೆದು ತರುತ್ತದೆ. ಮೊದಲ ತಿರುವಿನಲ್ಲಿ ಎಲ್ಲರೂ ಲಿವರ್ ಎಳೆದು ಹಿಡಿಯುತ್ತಾರೆ. ಎರಡು ತಿರುವು ಕಳೆದ ಮೇಲೆ ಗಾಡಿ ಹಳಿ ಬಿಡುವುದಿಲ್ಲ ಎಂದು ಮೈಗೆ ಗೊತ್ತಾಗಿ ಕೈ ತಾನಾಗಿ ಸಡಿಲವಾಗುತ್ತದೆ. ಮುಂದಿನ ಗಾಡಿಗೆ ತೀರ ಹತ್ತಿರ ಹೋಗಬೇಡಿ, ಸುಮ್ಮಸುಮ್ಮನೆ ನಡುವೆ ನಿಲ್ಲಿಸಲೂ ಬೇಡಿ. ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ. ಅರವತ್ತು ದಾಟಿದವರಿಗೂ ಧೈರ್ಯವಾಗಿ ಹೇಳಬಹುದಾದ ಆಟ ಇದೊಂದೇ ಎಂಬುದು ನನ್ನ ಅಭಿಪ್ರಾಯ, ಸೊಂಟ ಗಟ್ಟಿಯಿದ್ದರೆ.

ಆಮೇಲೆ ಕ್ಲಿಫ್‌ಹ್ಯಾಂಗರ್, ಡಿಫೈಯನ್ಸ್

ಕ್ಲಿಫ್‌ಹ್ಯಾಂಗರ್ 2012ರಲ್ಲಿ ಬಂದ ಹಳೇ ಮಾದರಿಯ ಕೋಸ್ಟರ್. ಆಟ ಮಧ್ಯಮ, ಜಾಗ ಅಸಾಧ್ಯ: ತಿರುವಿನಲ್ಲಿ ಕೆಳಗಿನ ಕಣಿವೆ ಕಣ್ಣಿಗೆ ನುಗ್ಗುತ್ತದೆ. ದೊಡ್ಡದಕ್ಕೆ ಧೈರ್ಯ ಬರುತ್ತದೋ ಇಲ್ಲವೋ ಎಂದು ಇಲ್ಲಿ ಪರೀಕ್ಷಿಸಿಕೊಳ್ಳಿ.

ದೊಡ್ಡದು ಡಿಫೈಯನ್ಸ್. 2022ರಲ್ಲಿ ಶುರುವಾಯಿತು. ಜರ್ಮನಿಯ ಗೆರ್ಸ್ಟ್‌ಲೌವರ್ ಕಂಪನಿ ಮಾಡಿದ್ದು. 110 ಅಡಿ ಇಳಿತ, ಗಂಟೆಗೆ 90 ಕಿ.ಮೀ. ವೇಗ, ಇಳಿಜಾರಿನ ಕೋನ 102.3 ಡಿಗ್ರಿ. 90 ಡಿಗ್ರಿ ಎಂದರೆ ಗೋಡೆಯಂತೆ ನೇರ. ಅದನ್ನೂ ಮೀರಿದರೆ ಹಳಿ ಒಳಕ್ಕೆ ಬಾಗುತ್ತದೆ, ನಿಮ್ಮ ಮೈ ಸೀಟಿನಿಂದ ಮುಂದಕ್ಕೆ ವಾಲಿ ಕೆಳಗೆ ಹೋಗುತ್ತದೆ. ಪಿಯುಸಿ ಭೌತಶಾಸ್ತ್ರ ನೆನಪಿದ್ದರೆ ಲೆಕ್ಕ ಹಾಕಿ: 33.5 ಮೀಟರ್ ಎತ್ತರದಿಂದ ಸುಮ್ಮನೆ ಬಿದ್ದ ವಸ್ತುವಿನ ವೇಗ ಗಂಟೆಗೆ ಸುಮಾರು 92 ಕಿ.ಮೀ. ಅಂದರೆ ಇಲ್ಲಿ ಹೆಚ್ಚುಕಡಿಮೆ ಬೀಳುವುದೇ, ಹಳಿ ಜೊತೆಗಿದೆ ಅಷ್ಟೆ. ಆದರೂ ಗಾಡಿ ಕಳಚಿಕೊಳ್ಳದಿರುವುದು ಗಾಲಿಗಳಿಂದ. ಒಂದು ಜೊತೆ ಹಳಿಯ ಮೇಲೆ, ಒಂದು ಪಕ್ಕದಲ್ಲಿ, ಒಂದು ಹಳಿಯ ಅಡಿಯಲ್ಲಿ. ಮೂರೂ ಕಡೆಯಿಂದ ಹಳಿಯನ್ನು ಅಪ್ಪಿ ಹಿಡಿದಿರುತ್ತವೆ.

ಬಿಡದಿಯ ವಂಡರ್‌ಲಾದಲ್ಲಿ ರಿಕಾಯಿಲ್ ಹತ್ತಿದವರಿಗೆ ತಲೆಕೆಳಗಾಗುವುದು ಹೊಸದಲ್ಲ. ಇಲ್ಲಿ ಕಷ್ಟ ಅದಕ್ಕೂ ಮುಂಚಿನದು. ಗಾಡಿ ನೆಟ್ಟಗೆ ಮೇಲೇರುವಾಗ ಬೆನ್ನ ಮೇಲೆ ಮಲಗಿದಂತೆ ಇರುತ್ತೀರಿ, ಕಾಲು ಆಕಾಶಕ್ಕೆ. ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಆಗ ಮಾಡಬೇಕಾದ್ದು: ತಲೆಯನ್ನು ಸೀಟಿಗೆ ಒತ್ತಿಟ್ಟುಕೊಳ್ಳಿ, ಹಲ್ಲು ಕಚ್ಚಬೇಡಿ, ನಾಲಿಗೆ ಒಳಗಿರಲಿ, ಉಸಿರು ಹಿಡಿಯದೆ ಬಿಡುತ್ತಿರಿ. ಕೂಗಿದರೆ ಉಸಿರು ತಾನೇ ಹೋಗುತ್ತದೆ. ಹಾಗಾಗಿ ಕೂಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಣ್ಣು ಮುಚ್ಚಿದರೆ ಹೊಟ್ಟೆ ತೊಳಸುವುದು ಹೆಚ್ಚು. ದೂರದ ಬೆಟ್ಟದ ಮೇಲೆ ದೃಷ್ಟಿ ಇಡಿ. ಇಳಿದ ಮೇಲೆ ಹತ್ತು ನಿಮಿಷ ಕೂತು, ನೀರು ಕುಡಿದು, ಆಮೇಲೆ ಮುಂದಿನದು.

ಬೆಲ್ಟ್ ನೀವೇ ನೋಡಿ

ಇದನ್ನು ಹೇಳದೆ ಈ ಪಾರ್ಕಿನ ಬಗ್ಗೆ ಬರೆಯುವುದು ಸರಿಯಲ್ಲ. 2021ರ ಸೆಪ್ಟೆಂಬರಿನಲ್ಲಿ, ಬೆಟ್ಟದೊಳಗೆ ಕೆಳಕ್ಕೆ ಬೀಳುವ ಒಂದು ಆಟದಲ್ಲಿ ಆರು ವರ್ಷದ ಹುಡುಗಿ ತೀರಿಕೊಂಡಳು. ರಾಜ್ಯ ಸರ್ಕಾರದ ತನಿಖೆ ಹೇಳಿದ್ದು ಇಷ್ಟು: ಮಗು ಸೀಟ್ ಬೆಲ್ಟುಗಳ ಮೇಲೆಯೇ ಕೂತಿತ್ತು, ಬೆಲ್ಟ್ ಹಾಕಿರಲಿಲ್ಲ, ಸಿಬ್ಬಂದಿ ಅದನ್ನು ಗಮನಿಸಲಿಲ್ಲ, ಯಂತ್ರ ಕೊಟ್ಟ ಸೂಚನೆಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳದೆ ಆಟ ಚಾಲೂ ಮಾಡಿದರು.

ಯಾವ ದೇಶದ ಯಾವ ಪಾರ್ಕಾದರೂ ಸರಿ, ನಿಮ್ಮ ಪಕ್ಕದ ಮಗುವಿನ ಬೆಲ್ಟ್ ನೀವೇ ನೋಡಿ. ಬೆಲ್ಟಿನ ಎರಡು ತುದಿ ತೊಡೆಯ ಮೇಲೆ ಬಂದಿವೆಯೇ, ಅಡಿಯಲ್ಲಿ ಸಿಕ್ಕಿಲ್ಲವೇ? ಕೊಕ್ಕೆ ಕಟಕ್ ಎಂದಿತೇ? ಅಡ್ಡಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಮೇಲೆ ಕೂತಿದೆಯೇ? ಕೈಯಿಂದ ಒಮ್ಮೆ ಮೇಲಕ್ಕೆ ಎಳೆದು ನೋಡಿ. ಅನುಮಾನ ಬಂದರೆ ಕೈ ಎತ್ತಿ 'ಸ್ಟಾಪ್' ಎಂದು ಜೋರಾಗಿ ಹೇಳಿ. ಕ್ಯೂನಲ್ಲಿ ನಿಂತವರು ಗೊಣಗಿದರೆ ಗೊಣಗಲಿ.

ಮಧ್ಯಾಹ್ನ ಗುಹೆಯೊಳಗೆ

ಮೋಡ ಕಟ್ಟುವ ಹೊತ್ತಿಗೆ ನೀವು ಒಳಗಿರಬೇಕು. ಗುಹೆಯ ಟೂರಿಗೆ ಮಧ್ಯಾಹ್ನದ ಸಮಯ ಕೇಳಿ. ಹೊರಗೆ ಬಿಸಿಲಿರಲಿ ಸಿಡಿಲಿರಲಿ, ಒಳಗೆ ವರ್ಷವಿಡೀ 11 ಡಿಗ್ರಿ ಸೆಲ್ಸಿಯಸ್. ಎರಡು ದಾರಿಗಳಿವೆ. ಕಿಂಗ್ಸ್ ರೋ ಕಡೆ ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಸುಣ್ಣದ ಶಿಲ್ಪಗಳು ಹೆಚ್ಚು, ಮೆಟ್ಟಿಲುಗಳೂ ಹೆಚ್ಚು. ಮಂಡಿನೋವಿನವರಿಗೆ ಫೇರಿ ಕೇವ್ಸ್ ವಾಸಿ. ಫೇರಿ ಕೇವ್ಸ್ 1890ರ ದಶಕದಲ್ಲೇ ಪ್ರವಾಸಿಗರಿಗೆ ತೆರೆದಿತ್ತು, 1897ರಲ್ಲಿ ಅದರೊಳಗೆ ವಿದ್ಯುದ್ದೀಪ ಬಂದಿತ್ತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿದ್ದು 1902ರಲ್ಲಿ ಎಂದು ನೆನೆದರೆ ಆ ಕಾಲದ ಸಾಹಸ ಅರ್ಥವಾಗುತ್ತದೆ. ದಾರಿಯಲ್ಲಿ ಬಂಡೆ ಕೊರೆದು ಮಾಡಿದ ಒಂದು ಬಾಲ್ಕನಿ ಸಿಗುತ್ತದೆ, ಕೆಳಗೆ ಇಡೀ ಕಂದರ. ಗುಹೆಯ ಗೋಡೆ ಮಾತ್ರ ಮುಟ್ಟಬೇಡಿ. ಕೈಯ ಎಣ್ಣೆ ತಗುಲಿದ ಕಡೆ ಸುಣ್ಣದ ಬೆಳವಣಿಗೆ ನಿಂತುಹೋಗುತ್ತದೆ.

ಹೊರಬಂದಾಗ ಆಕಾಶ ತಿಳಿಯಾಗಿದ್ದರೆ ಮತ್ತೊಂದು ಸುತ್ತು ಆಲ್ಪೈನ್ ಕೋಸ್ಟರ್ ಸಿಕ್ಕರೂ ಸಿಗಬಹುದು. ಇಲ್ಲದಿದ್ದರೆ ಇಳಿಯಿರಿ.

ಕೆಳಗೆ ಊರಿನಲ್ಲಿ 1888ರಿಂದ ನಡೆಯುತ್ತಿರುವ ಬಿಸಿನೀರ ಬುಗ್ಗೆಯ ಕೊಳವಿದೆ, ಉದ್ದ 405 ಅಡಿ. ನೋಯುವ ಕುತ್ತಿಗೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಈಜುಡುಗೆ ಜೊತೆಗೇ ಒಯ್ದಿರಬೇಕು. ಭಾನುವಾರ ಸಂಜೆ ಮಾತ್ರ ಡೆನ್ವರ್ ಕಡೆಗೆ ಹೊರಡಬೇಡಿ: ಬೆಟ್ಟಕ್ಕೆ ಹೋದ ನಗರವೆಲ್ಲ ಅದೇ ಹೊತ್ತಿಗೆ ಐ-70ರಲ್ಲಿ ವಾಪಸು ಹೊರಟಿರುತ್ತದೆ, ಮೂರು ಗಂಟೆಯ ದಾರಿ ಐದಾಗುತ್ತದೆ. ರಜೆಯಿದ್ದರೆ ರಾತ್ರಿ ಅಲ್ಲೇ ತಂಗಿ, ಸೋಮವಾರ ತಿಂಡಿ ಮುಗಿಸಿ ಹೊರಡಿ.