ಮಂಗನ ಕಾಯಿಲೆಯ ಸೀಸನ್‌ನಲ್ಲಿ ನಾವು ನಡೆಸಿದ ವಾಟ್ಸಾಪ್ ಗುಂಪು

ಸಾಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ನನ್ನದು ಮೆಡಿಕಲ್ ಶಾಪ್. ಶರಾವತಿ ಹಿನ್ನೀರಿನ ಕಡೆಯ ಊರುಗಳಲ್ಲಿ ಜ್ವರ ಬಂದವರು ಆಸ್ಪತ್ರೆಗೆ ಹೋಗುವ ಮೊದಲು ನಮ್ಮ ಕೌಂಟರ್‌ಗೆ ಬರುತ್ತಾರೆ. ಈಗೀಗ ಅದಕ್ಕೂ ಮೊದಲು ಮೊಬೈಲ್ ನೋಡಿಕೊಂಡು ಬರುತ್ತಾರೆ. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜೋರಾಗಿ ಸಾವುಗಳಾದಾಗ, ಮಾತ್ರೆ ಕೇಳಿದವರಿಗಿಂತ ಫೋನ್ ಮುಂದೆ ಚಾಚಿ "ಇದು ನಿಜವಾ?" ಎಂದು ಕೇಳಿದವರೇ ಹೆಚ್ಚು. ಆಗ ಆಶಾ ಕಾರ್ಯಕರ್ತೆಯರು, ಒಬ್ಬ ಹೈಸ್ಕೂಲ್ ಮೇಷ್ಟ್ರು ಮತ್ತು ನಾನು ಸೇರಿ ಒಂದು ಗುಂಪು ಶುರು ಮಾಡಿದೆವು. ಬೇರೆ ತಾಲ್ಲೂಕಿನವರು ಹೇಗೆ ನಡೆಸಿದಿರಿ ಎಂದು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಈ ಕಾಯಿಲೆ ನಮ್ಮ ಶಿವಮೊಗ್ಗ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಮೊದಲು ಪತ್ತೆಯಾಯಿತು. ಅದಕ್ಕೇ ವೈದ್ಯರ ಬಾಯಲ್ಲಿ ಅದು ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. ಹರಡುವುದು ರಕ್ತ ಹೀರುವ ಕಾಡಿನ ಉಣುಗಿನಿಂದ (ಉಣ್ಣೆ). ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಲ. ಅಡಿಕೆ ಕೊಯ್ಲು, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದ ಕೆಲಸ, ಕೊಟ್ಟಿಗೆಗೆ ದರಗು (ಒಣ ಎಲೆ) ತರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿ ಎಂದು ಬರೆದು ಕೈತೊಳೆದುಕೊಳ್ಳುವ ಸಂದೇಶಗಳ ಬಗ್ಗೆ ನನಗೆ ಸಿಟ್ಟಿದೆ. ಹೋಗದೆ ನಮ್ಮವರ ಜೀವನ ನಡೆಯುವುದಿಲ್ಲ.

ಮೊದಲ ವಾರಗಳಲ್ಲಿ ನಾವು ಏನನ್ನೂ ಕಳಿಸಲಿಲ್ಲ. ಜನ ಏನು ಕೇಳುತ್ತಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ವೈರಸ್ ಎಂದರೇನು ಎಂದು ಯಾರೂ ಕೇಳಲಿಲ್ಲ. "ನಮ್ಮೂರಿಗೆ ಬಂದಿದೆಯಾ?" "ಆಸ್ಪತ್ರೆಗೆ ಎಣ್ಣೆ ಬಂದಿದೆಯಾ, ಮುಗಿಯಿತಾ?" "ನಿನ್ನೆಯಿಂದ ಜ್ವರ, ರಕ್ತ ಎಲ್ಲಿ ಕೊಡಬೇಕು?" "ದನ ಬೆಟ್ಟಕ್ಕೆ ಬಿಡಬಹುದಾ?" ಎಣ್ಣೆ ಎಂದರೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ. ಎಲ್ಲವೂ ಇವತ್ತಿನ, ಈ ಊರಿನ ಪ್ರಶ್ನೆಗಳು. ಗೂಗಲ್‌ನಲ್ಲಿ ಹುಡುಕಿದರೆ ರೋಗದ ಇತಿಹಾಸ ಸಿಗುತ್ತದೆ, ಎಣ್ಣೆ ಬಂದಿದೆಯೇ ಇಲ್ಲವೇ ಸಿಗುವುದಿಲ್ಲ. ಆ ಖಾಲಿ ಜಾಗಕ್ಕೇ ಗಾಳಿಸುದ್ದಿ ಬಂದು ಕೂರುತ್ತದೆ.

ಹಾಗಾಗಿ ನಮ್ಮ ಗುಂಪಿನ ಪ್ರತಿ ಸಂದೇಶದ ಮೊದಲ ಸಾಲಿನಲ್ಲೇ ಮೂರು ವಿಷಯ ಇರುತ್ತವೆ: ತಾರೀಖು, ಊರು, ಯಾರು ಹೇಳಿದ್ದು. ಕೊನೆಯಲ್ಲಿ ಎಲ್ಲಿಯವರೆಗೆ ಇದು ಅನ್ವಯ ಎಂದು ಒಂದು ಸಾಲು. "ಎಣ್ಣೆ ಬಂದಿದೆ" ಎಂದಷ್ಟೇ ಬರೆದರೆ ಅದು ಮೂರು ವಾರ ಸುತ್ತಾಡುತ್ತದೆ. ಬಡವರು ಕೂಲಿ ಬಿಟ್ಟು ಬಸ್ಸು ಹತ್ತಿ ಬಂದು ಬರಿಗೈಲಿ ವಾಪಸ್ ಹೋಗುತ್ತಾರೆ, ಆಮೇಲೆ ನಮ್ಮನ್ನೂ ನಂಬುವುದಿಲ್ಲ, ಆಸ್ಪತ್ರೆಯನ್ನೂ ನಂಬುವುದಿಲ್ಲ.

ಪೂರ್ತಿ ಸುಳ್ಳಾದ ಸಂದೇಶವನ್ನು ಜನ ಹೆಚ್ಚುಕಡಿಮೆ ಗುರುತಿಸುತ್ತಾರೆ ಎಂಬುದು ನಾನು ಈ ಕೆಲಸದಲ್ಲಿ ಕಂಡದ್ದು. ಹೆಚ್ಚು ತೊಂದರೆ ಕೊಡುವುದು ಹಳೆಯ ನಿಜ. ಕೆಎಫ್‌ಡಿಗೆ ಮೊದಲು ಲಸಿಕೆ ಇತ್ತು: ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. "ಲಸಿಕೆ ಹಾಕಿಸಿಕೊಳ್ಳಿ" ಎಂದು ನಮ್ಮ ಗುಂಪೂ ಆಗ ಹೇಳಿತ್ತು, ಅದು ಆಗ ಸರಿಯೇ. ಅದರ ರಕ್ಷಣೆ ಸಾಲದು ಎಂದು ಕಂಡುಬಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಆದರೆ ಹಳೆಯ ಪೋಸ್ಟರ್, ಹಳೆಯ ವಿಡಿಯೋ ಪ್ರತಿ ಡಿಸೆಂಬರ್‌ಗೆ ಎದ್ದು ಬರುತ್ತವೆ. 2024ರ ಶುರುವಿನಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಕಡೆ ಕಾಯಿಲೆ ಹೆಚ್ಚಾದಾಗ ಲಸಿಕೆ ಎಲ್ಲಿ ಎಂದು ಹುಡುಕಿಕೊಂಡು ನನ್ನ ಅಂಗಡಿಗೇ ಬಂದವರಿದ್ದರು. ಹಿಂದೆ ಎರಡು ಡೋಸ್ ಆಗಿದೆ, ನಮಗೇನೂ ಆಗಲ್ಲ ಎಂದು ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುವವರ ವಿಚಾರದಲ್ಲಿ ನನಗೆ ಇನ್ನೂ ಆತಂಕ. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೈಗೆತ್ತಿಕೊಂಡಿದೆ. ಅದು ಕೈಗೆ ಬರುವವರೆಗೆ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ವಾಪಸ್ ಬಂದು ಬಿಸಿನೀರು ಸೋಪಿನ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ. ಇಷ್ಟನ್ನೇ ಎಷ್ಟು ಸಲ ಹೇಳಿದರೂ ಸಾಲದು.

ಸತ್ತ ಮಂಗದ ಫೋಟೋ ಇನ್ನೊಂದು ದೊಡ್ಡ ವಿಷಯ. ಮಂಗ ಅಥವಾ ಮುಸುವ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗು ನೆಲಕ್ಕಿಳಿಯುತ್ತದೆ, ಆ ಜಾಗ ಅಪಾಯದ್ದು. ಬೇಗ ತಿಳಿದರೆ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಬಹುದು, ಮಂಗದ ಮಾದರಿ ಪರೀಕ್ಷೆಗೂ ಹೋಗುತ್ತದೆ. ಹಾಗಾಗಿ ಫೋಟೋ ಬೇಕೇ ಬೇಕು, ಆದರೆ ಗುಂಪಿಗಲ್ಲ. ಗುಂಪಿಗೆ ಬಿದ್ದ ಒಂದೇ ಫೋಟೋ ಐದು ಊರಿನ ಹೆಸರು ಹೊತ್ತು ತಿರುಗುತ್ತದೆ. ಫಾರ್ವರ್ಡ್‌ಗೆ ಐದೇ ಚಾಟ್ ಎಂಬ ಮಿತಿ ಭಾರತದಲ್ಲಿ 2018ರಲ್ಲೇ ಬಂತು, ಆದರೆ ಆ ಐದರಲ್ಲಿ ಒಂದು ಊರಿನ ಗುಂಪಾಗಿದ್ದರೆ ಮಿತಿ ಎಲ್ಲಿ ಉಳಿಯಿತು? ನಾವು ಕಲಿಸಿದ್ದು ಇಷ್ಟೇ: ಹತ್ತಿರ ಹೋಗಬೇಡಿ, ದೂರದಿಂದ ಫೋಟೋ ತೆಗೆಯಿರಿ, ಲೊಕೇಶನ್ ಜೊತೆ ಆಶಾ ಅಕ್ಕನಿಗೋ ನನಗೋ ಮಾತ್ರ ಕಳಿಸಿ. ನೆಟ್‌ವರ್ಕ್ ಇಲ್ಲದಿದ್ದರೆ ಹತ್ತಿರದ ತೋಟ, ಕೆರೆ, ದೇವಸ್ಥಾನದ ಗುರುತು ಹೇಳಿ. ಫೋಟೋ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ "ನೀವೇ ತೆಗೆದದ್ದಾ?". ಅಲ್ಲ ಎಂದರೆ ತೆಗೆದವರ ನಂಬರ್ ಸಿಗುವವರೆಗೆ ಸುದ್ದಿ ಮುಂದೆ ಹೋಗುವುದಿಲ್ಲ.

ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಟ್ಟೆವು. ಕೆಲವರಿಗೆ ಬೇಸರವಾಯಿತು, ಬಾಯಿ ಮುಚ್ಚಿಸಿದಿರಿ ಎಂದರು. ಆದರೆ ಖಾಸಗಿಯಾಗಿ ಕೇಳುವ ದಾರಿ ತೆರೆದದ್ದರಿಂದ, ನಾಲ್ಕು ಜನರ ಮುಂದೆ ಬಾಯಿ ಬಿಡದವರೂ ಕೇಳಿದರು, ಅದರಲ್ಲೂ ಹೆಂಗಸರು. ಹಿನ್ನೀರಿನಾಚೆ ಸಿಗ್ನಲ್‌ಗೆ ಗುಡ್ಡ ಹತ್ತಬೇಕು, ವಿಡಿಯೋ ತೆರೆಯುವುದಿಲ್ಲ. ಅದಕ್ಕೆ ಅರ್ಧ ನಿಮಿಷದ ಧ್ವನಿ ಸಂದೇಶ, ನಮ್ಮ ಕಡೆಯ ಮಾತಿನಲ್ಲೇ. ಓದಲು ಬಾರದ ಅಜ್ಜಿಗೂ ಅದು ಮುಟ್ಟುತ್ತದೆ. ಆಶಾ ಅಕ್ಕನ ದನಿ ಗೊತ್ತಿರುವುದರಿಂದ ಯಾರು ಹೇಳಿದ್ದು ಎಂದು ಬೇರೆ ಬರೆಯಬೇಕಿಲ್ಲ.

ರೋಗಿಯ ಹೆಸರು, ಫೋಟೋ, ಮನೆ ಯಾವುದೂ ಬೇಡ ಎಂಬುದು ಮೊದಲ ದಿನದ ಕಟ್ಟಳೆ. ಮನೆ ಗೊತ್ತಾದರೆ ಮರ ಹತ್ತುವ ಕೊನೆಗೌಡ ಅಡಿಕೆ ಕೊನೆ ತೆಗೆಯಲು ಬರುವುದಿಲ್ಲ, ನೆಂಟರು ಹೊಸಿಲು ಮೆಟ್ಟುವುದಿಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವ ಕಾಯಿಲೆಯೇ ಅಲ್ಲ. 2022ರಲ್ಲಿ ಕೇರಳದಲ್ಲಿ ಮಂಕಿಪಾಕ್ಸ್ ಕಂಡಾಗ ಜನ ಎರಡನ್ನೂ ಬೆರೆಸಿಬಿಟ್ಟರು, ಜ್ವರ ಬಂದವರನ್ನು ಬೇರೆ ಕೋಣೆಗೆ ಹಾಕಬೇಕಾ ಎಂದು ಫೋನ್ ಮಾಡಿದರು. ಎರಡು ಕಾಯಿಲೆ ಬೇರೆ, ಹರಡುವ ದಾರಿಯೂ ಬೇರೆ ಎಂದು ಒಂದೇ ಧ್ವನಿ ಸಂದೇಶದಲ್ಲಿ ಹೇಳಿದ ಮೇಲೆ ಫೋನ್ ಕಡಿಮೆಯಾಯಿತು.

ಅಂಗಡಿಯವನಾಗಿ ನಾನು ಗಟ್ಟಿಯಾಗಿ ಹಿಡಿದ ಎರಡು ಗೆರೆಗಳಿವೆ. ಲ್ಯಾಬ್ ರಿಪೋರ್ಟ್‌ನ ಫೋಟೋ ಕಳಿಸಿ ಪ್ಲೇಟ್‌ಲೆಟ್ ಇಷ್ಟಿದೆ, ಪರವಾಗಿಲ್ಲವಾ ಎಂದರೆ ಉತ್ತರ ಕೊಡುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಮೈಕೈ ನೋವು ತಡೆಯಲಾರದೆ ಬ್ರೂಫೆನ್, ಡೈಕ್ಲೋಫೆನಾಕ್ ಕೇಳಿದರೂ ಈ ಸೀಸನ್‌ನ ಜ್ವರಕ್ಕೆ ಕೊಡುವುದಿಲ್ಲ. ರಕ್ತಸ್ರಾವ ಆಗಬಹುದಾದ ಜ್ವರದಲ್ಲಿ ಅವು ಅಪಾಯ ಹೆಚ್ಚಿಸುತ್ತವೆ. ಡಾಕ್ಟರು ನೋಡುವವರೆಗೆ ಪ್ಯಾರಾಸಿಟಮಾಲ್ ಸಾಕು. ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಮಂಪರು ಕಂಡರೆ ನನಗೆ ಮೆಸೇಜ್ ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ ಎಂಬ ಸಾಲು ವಾರಕ್ಕೊಮ್ಮೆ ಹೋಗುತ್ತದೆ.

ಯಾರೂ ಫಾರ್ವರ್ಡ್ ಮಾಡದ, ಆದರೆ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಸಂದೇಶ ಒಂದಿದೆ. ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಕಳೆದು ಮತ್ತೆ ಬರುತ್ತದೆ. ಆಗ ತಲೆನೋವು, ತಲೆಸುತ್ತು, ಕೈಕಾಲು ನಡುಕ ಇರಬಹುದು. ಮೊದಲ ಜ್ವರ ಬಿಟ್ಟ ಕೂಡಲೇ ಜನ ಹುಡುಕುವುದನ್ನು ನಿಲ್ಲಿಸುತ್ತಾರೆ, ಕೆಲಸಕ್ಕೂ ಇಳಿಯುತ್ತಾರೆ. ಇದರಲ್ಲಿ ಹೆದರಿಸುವ ಚಿತ್ರವಿಲ್ಲ, ಹಾಗಾಗಿ ಓಡುವುದೂ ಇಲ್ಲ. ಅದಕ್ಕೆ ನಾವು ಇದನ್ನು ಗುಂಪಿನ ಮೇಲೆ ಬಿಡದೆ, ಪಾಸಿಟಿವ್ ಬಂದ ಪ್ರತಿ ಮನೆಗೆ ಆಶಾ ಅಕ್ಕನೇ ಹತ್ತನೇ ದಿನದ ಹೊತ್ತಿಗೆ ಫೋನ್ ಮಾಡುವಂತೆ ಮಾಡಿಕೊಂಡೆವು.

ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ಗುಂಪನ್ನು ಮುಚ್ಚುತ್ತೇವೆ. ಹಳೆಯದನ್ನೇ ಮುಂದುವರಿಸಿದರೆ ಹೋದ ವರ್ಷದ ಸಂದೇಶ ಯಾರದೋ ಬೆರಳಿಗೆ ಸಿಕ್ಕಿ ಈ ವರ್ಷದ್ದಾಗುತ್ತದೆ. ನವೆಂಬರ್‌ನಲ್ಲಿ ಹೊಸ ಗುಂಪು, ಹೆಸರಿನಲ್ಲೇ ಇಸವಿ. ಸೇರುವ ಕ್ಯೂಆರ್ ಕೋಡನ್ನು ಹಾಲಿನ ಡೇರಿ, ಸೊಸೈಟಿ, ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸುತ್ತೇವೆ, ಫೋನ್ ಇಲ್ಲದವರಿಗಾಗಿ ಅದರ ಪಕ್ಕದಲ್ಲೇ ಆ ವಾರದ ಸಂದೇಶವನ್ನು ದಪ್ಪ ಅಕ್ಷರದಲ್ಲಿ ಕೈಯಲ್ಲೇ ಬರೆದು ಹಾಕುತ್ತೇವೆ.