ಅರ್ಧ ಪರ್ಸೆಂಟ್ ತೆರಿಗೆಗೆ ಊರಿನವರ ವೋಟು: ಟೆಕ್ಸಸ್‌ನ ನನ್ನ ಅನುಭವ

ಟೆಕ್ಸಸ್‌ನ ಒಂದು ಸಣ್ಣ ಊರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಇಲ್ಲಿ ಎಂಡಿಡಿ, ಅಂದರೆ ಸೇಲ್ಸ್ ಟ್ಯಾಕ್ಸಿನ ಒಂದು ಪಾಲು ತೆಗೆದುಕೊಂಡು ಊರಿನ ಅಭಿವೃದ್ಧಿಗೆ ಹಾಕುವ ಮುನಿಸಿಪಲ್ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್, ಆಗಲೇಬೇಕು ಅಂತ ಓಡಾಡಿದವರಲ್ಲಿ ನಾನೂ ಒಬ್ಬ. ಬೇರೆ ಸಣ್ಣ ಊರುಗಳಲ್ಲಿ ವ್ಯಾಪಾರ ಮಾಡುವ ನಮ್ಮವರು ಹೇಗೆ ಮಾಡಿದಿರಿ ಅಂತ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಟೆಕ್ಸಸ್‌ನಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸ್ 6.25 ಪರ್ಸೆಂಟ್. ಅದರ ಮೇಲೆ ಸಿಟಿ, ಕೌಂಟಿ, ಉಳಿದ ಸ್ಥಳೀಯ ಸಂಸ್ಥೆಗಳು ಎಲ್ಲಾ ಸೇರಿ 2 ಪರ್ಸೆಂಟ್ ಹಾಕಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ನಮ್ಮಲ್ಲಿ ಒಂದೂವರೆ ಆಗಿತ್ತು, ಅರ್ಧ ಉಳಿದಿತ್ತು. ಲೋಕಲ್ ಗವರ್ನಮೆಂಟ್ ಕೋಡ್‌ನ 377ನೇ ಅಧ್ಯಾಯದ ಪ್ರಕಾರ ಜನ ವೋಟು ಹಾಕಿ ಒಪ್ಪಿದರೆ ಆ ಅರ್ಧವನ್ನು ಎಂಡಿಡಿಗೆ ತೆಗೆದುಕೊಂಡು, ಊರಿನ ವ್ಯಾಪಾರ, ಕೆಲಸ ಬೆಳೆಯುವುದಕ್ಕೆ ಬೇಕಾದ್ದನ್ನು ಮಾಡಬಹುದು. ನಮಗೆ ಬೇಕಾಗಿದ್ದು ಹೈವೇ ಪಕ್ಕಕ್ಕೆ ಒಂದು ಒಳಚರಂಡಿ ಲೈನು. ಅದಿಲ್ಲದೆ ಅಲ್ಲಿಗೆ ಹೋಟೆಲ್ ಬರಲ್ಲ, ಗೋದಾಮು ಬರಲ್ಲ, ಯಾರೂ ಬರಲ್ಲ.

ಇಲ್ಲಿ ತುಂಬಾ ಊರುಗಳು ಇಡಿಸಿ ಅಂತ ಎಕನಾಮಿಕ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಮಾಡಿಕೊಂಡಿವೆ. ಅದಕ್ಕೂ ಜನರ ವೋಟು ಬೇಕು, ಆದರೆ ಅದರ ತೆರಿಗೆ ಸಿಟಿ ಗಡಿಯ ಒಳಗೆ ಮಾತ್ರ. ಎಂಡಿಡಿ ಹಾಗಲ್ಲ, ಗಡಿಗೆ ಅಂಟಿಕೊಂಡ ಹೊರವಲಯವನ್ನೂ ಸೇರಿಸಿಕೊಳ್ಳಬಹುದು, ಅದಕ್ಕೆ ಇಲ್ಲಿ ಇಟಿಜೆ (ಎಕ್ಸ್‌ಟ್ರಾಟೆರಿಟೋರಿಯಲ್ ಜ್ಯೂರಿಸ್ಡಿಕ್ಷನ್) ಅನ್ನುತ್ತಾರೆ. ನಮ್ಮಲ್ಲಿ ಹೊಸ ಅಂಗಡಿಗಳು ಏಳುತ್ತಿದ್ದದ್ದೇ ಆ ಹೊರವಲಯದಲ್ಲಿ.

ಈ ಕೆಲಸದಲ್ಲಿ ಅರ್ಧ ಶ್ರಮ ಮ್ಯಾಪಿನದು, ಇದನ್ನು ಒತ್ತಿ ಹೇಳುತ್ತೇನೆ. ಇಟಿಜೆಯಲ್ಲಿ ಫೈರ್, ಆಂಬುಲೆನ್ಸ್ ನೋಡಿಕೊಳ್ಳುವ ಎಮರ್ಜೆನ್ಸಿ ಸರ್ವಿಸಸ್ ಡಿಸ್ಟ್ರಿಕ್ಟ್ ಇದ್ದರೆ ಅದೂ ಸೇಲ್ಸ್ ಟ್ಯಾಕ್ಸ್ ಹಾಕಿರಬಹುದು, ಹಾಕಿದ್ದರೆ ಅಲ್ಲಿ ಆ 2 ಪರ್ಸೆಂಟಿನಲ್ಲಿ ನಿಮಗೆ ಏನೂ ಉಳಿದಿರದೇ ಇರಬಹುದು, ಮತ್ತು ನೀವು ಎಳೆದ ಗಡಿಯೊಳಗೆ ಎಲ್ಲೋ ಒಂದು ಮೂಲೆಯಲ್ಲಿ 2 ಪರ್ಸೆಂಟ್ ದಾಟಿದರೂ ಗೆದ್ದ ಚುನಾವಣೆ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯದ ತೆರಿಗೆ ವಸೂಲಿ ನೋಡಿಕೊಳ್ಳುವ ಕಂಪ್ಟ್ರೋಲರ್ ಆಫೀಸಿನ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಆ ಜಾಗದ ರೇಟು ಬರುತ್ತದೆ. ನಾವು ರಸ್ತೆ ರಸ್ತೆಯ ವಿಳಾಸ ಹಾಕಿ ನೋಡಿದೆವು. ಒಂದೇ ರಸ್ತೆಯ ಈ ಬದಿ 6.75, ಆ ಬದಿ 8.25, ಅಂದರೆ ಅಲ್ಲಿ 2 ಪರ್ಸೆಂಟ್ ಆಗಲೇ ಭರ್ತಿ. ಆ ಬದಿಯನ್ನು ಮ್ಯಾಪಿನಿಂದ ಬಿಟ್ಟೆವು. ಆಮೇಲೆ ವಕೀಲರು ಇನ್ನೊಮ್ಮೆ ನೋಡಿದರು.

ಇದಕ್ಕಿಂತ ದೊಡ್ಡ ಪ್ರಶ್ನೆ ನ್ಯಾಯದ್ದು. ಇಟಿಜೆಯವರಿಗೆ ಎಂಡಿಡಿ ಬೇಕೋ ಬೇಡವೋ ಅಂತ ವೋಟು ಹಾಕುವ ಹಕ್ಕಿದೆ, ಆದರೆ ಸಿಟಿ ಕೌನ್ಸಿಲ್‌ಗೆ ವೋಟು ಇಲ್ಲ. ಎಂಡಿಡಿ ಬೋರ್ಡನ್ನು ನೇಮಿಸುವುದು ಅದೇ ಕೌನ್ಸಿಲ್. ಒಬ್ಬ ರೈತರು ನನ್ನ ಅಂಗಡಿಗೆ ಬೇಲಿ ತಂತಿ ತಗೊಳ್ಳಲು ಬಂದವರು ನೇರವಾಗಿಯೇ ಕೇಳಿದರು: "ದುಡ್ಡು ನಮ್ಮದು, ಖರ್ಚು ಮಾಡುವವರು ನಿಮ್ಮವರು, ಅಲ್ವಾ?" ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೋರ್ಡಿನಲ್ಲಿ ಕನಿಷ್ಠ ನಾಲ್ಕು ಜನ ಇರಬೇಕು, ಇಟಿಜೆಯಲ್ಲಿ ಇರುವವರೂ ಆಗಬಹುದು ಅಂತ ಕಾನೂನಿನಲ್ಲೇ ಇದೆ. ಹಾಗಾಗಿ ಹೊರಗಿನವರಿಗೂ ಸೀಟು ಕೊಡುತ್ತೇವೆ ಅಂತ ಚುನಾವಣೆಗೆ ಮುಂಚೆಯೇ ಕೌನ್ಸಿಲ್ ಠರಾವು ಮಾಡಲಿ ಅಂತ ಪಟ್ಟು ಹಿಡಿದೆವು. ಮಾಡಿದರು. ಆ ಠರಾವಿನ ಪ್ರತಿ ಇಲ್ಲದೆ ನಾನು ಆ ಕಡೆಯ ಒಂದು ಮನೆಗೂ ಹೋಗಲಿಲ್ಲ.

ಪ್ರಚಾರಕ್ಕೆ ಸಿಟಿ ದುಡ್ಡು ಮುಟ್ಟುವ ಹಾಗಿಲ್ಲ. ಸಿಟಿ ಬರೀ ಮಾಹಿತಿ ಕೊಡಬಹುದು, "ಪರವಾಗಿ ವೋಟು ಹಾಕಿ" ಅನ್ನುವಂತಿಲ್ಲ. ಅದಕ್ಕೆ ನಾವು ಅಂಗಡಿಯವರು ಕೆಲವರು ಪೊಲಿಟಿಕಲ್ ಕಮಿಟಿ ಮಾಡಿ, ಖಜಾಂಚಿಯ ಹೆಸರನ್ನು ಸಿಟಿ ಸೆಕ್ರೆಟರಿಗೆ ಕೊಟ್ಟು, ಆಮೇಲೆ ಕೈಯಿಂದ ದುಡ್ಡು ಹಾಕಿದೆವು. ಪ್ರಚಾರದ ಫಲಕ, ಕರಪತ್ರ ಎಲ್ಲದರ ಮೇಲೂ ಯಾರು ದುಡ್ಡು ಕೊಟ್ಟರು ಅಂತ ಅಚ್ಚಾಗಿರಬೇಕು. ಚುನಾವಣೆಗೆ 78 ದಿನ ಇರುವಾಗಲೇ ಕೌನ್ಸಿಲ್ ಆದೇಶ ಆಗಿರಬೇಕು. ನೋಟಿಸು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬೇಕು. ನಾವು ನವೆಂಬರ್ ಚುನಾವಣೆ ಆರಿಸಿಕೊಂಡೆವು, ಮೇ ತಿಂಗಳಿಗಿಂತ ಆಗ ಜಾಸ್ತಿ ಜನ ಬರುತ್ತಾರೆ, ಮತ್ತು ತೆರಿಗೆಯ ವಿಷಯವನ್ನು ನಾಲ್ಕು ಜನ ಬಂದು ತೀರ್ಮಾನ ಮಾಡುವುದು ನನಗೆ ಸರಿ ಕಾಣಲಿಲ್ಲ.

ಮನೆ ಬಾಗಿಲಲ್ಲಿ ಭಾಷಣ ಕೆಲಸಕ್ಕೆ ಬರಲಿಲ್ಲ, ಅಂಗಡಿ ಬಿಲ್ಲಿನ ಲೆಕ್ಕ ಕೆಲಸಕ್ಕೆ ಬಂತು. ಸಿಟಿಯೊಳಗೆ ನೂರು ಡಾಲರ್ ಸಾಮಾನಿಗೆ ಈಗ 107.75, ಆಮೇಲೆ 108.25. ಅಕ್ಕಿ, ಹಾಲು, ತರಕಾರಿಗೆ ಇಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಡಾಕ್ಟರ್ ಬರೆದುಕೊಟ್ಟ ಔಷಧಿಗೂ ಇಲ್ಲ. ಹೈವೇಯಲ್ಲಿ ಹೋಗುವವರು ಇಲ್ಲಿ ನಿಲ್ಲಿಸಿ ಏನಾದರೂ ಕೊಂಡರೆ ಅವರೂ ಕೊಡುತ್ತಾರೆ. ಮನೆ ತೆರಿಗೆ ಒಂದು ಸೆಂಟೂ ಏರುವುದಿಲ್ಲ. ಇಷ್ಟು ಹೇಳಿ, ಚರಂಡಿ ಲೈನು ಎಲ್ಲಿಂದ ಎಲ್ಲಿಗೆ ಅಂತ ಮ್ಯಾಪಿನಲ್ಲಿ ತೋರಿಸಿದರೆ ಜನ ಕೂತು ಕೇಳುತ್ತಿದ್ದರು. ಸುಮ್ನೆ "ಅಭಿವೃದ್ಧಿ" ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗೆದ್ದೆವು. ಗೆದ್ದ ಮಾರನೇ ದಿನವೇ ದುಡ್ಡು ಬರುವುದಿಲ್ಲ, ಇದು ಗೊತ್ತಿರಲಿ. ಕಂಪ್ಟ್ರೋಲರ್‌ಗೆ ನೋಟಿಸು ಹೋಗಿ ಒಂದು ಪೂರ್ತಿ ತ್ರೈಮಾಸಿಕ ಕಳೆಯಬೇಕು. ನವೆಂಬರ್‌ನಲ್ಲಿ ಗೆದ್ದರೆ ತೆರಿಗೆ ಶುರುವಾಗುವುದು ಏಪ್ರಿಲ್ 1ಕ್ಕೆ. ಏಪ್ರಿಲ್‌ನ ವ್ಯಾಪಾರದ ಲೆಕ್ಕ ಮೇ ತಿಂಗಳಲ್ಲಿ ಹೋಗುತ್ತದೆ, ದುಡ್ಡು ಕೈಗೆ ಬರುವುದು ಜೂನ್‌ನಲ್ಲಿ. ಅಷ್ಟರೊಳಗೆ ಬೋರ್ಡು ನೇಮಿಸಿ, ಬ್ಯಾಂಕ್ ಖಾತೆ ತೆಗೆದು, ಎಂಜಿನಿಯರ್‌ಗೆ ಕೆಲಸ ವಹಿಸುವ ತಯಾರಿ ಮುಗಿಸಿಕೊಳ್ಳಿ. ನಮ್ಮಲ್ಲಿ ಈಗ ಲೈನಿನ ಡಿಸೈನು ನಡೆಯುತ್ತಿದೆ, ಅದು ಮುಗಿದ ಮೇಲೆ ಟೆಂಡರ್.